ಹಲಗೆ ಯಾರ ಕೈಲಿತ್ತು? ಎಡೊ ಕಾಲದ ಜಪಾನಿನಲ್ಲಿ ಊರೂರ ಪುಸ್ತಕ ವ್ಯಾಪಾರ

ಈ ಪುಸ್ತಕವನ್ನು ಮೊದಲ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಹೆದರಬೇಡಿ, ಮುಟ್ಟಬಹುದು. ಸುಮಾರು ಇನ್ನೂರು ವರ್ಷ ಹಳೆಯದು, ಆದರೆ ಅಂಥ ಬೆಲೆಬಾಳುವ ವಸ್ತುವೇನೂ ಅಲ್ಲ. ಮಕ್ಕಳಿಗೆ ಕಾಗದ ಬರೆಯುವುದನ್ನು ಕಲಿಸುವ ಪಠ್ಯ ಅಷ್ಟೇ. ಕೈಗೆ ತಗೊಂಡ ಕೂಡಲೇ ಎಷ್ಟು ಹಗುರ ಅನ್ನಿಸುತ್ತದೆ ನೋಡಿ. ಹಾಳೆಯ ಒಂದೇ ಬದಿಗೆ ಅಚ್ಚು ಹಾಕಿದ್ದಾರೆ. ಅದನ್ನು ನಡುವಿಗೆ ಮಡಚಿ, ಮಡಿಕೆ ಹೊರಗೆ ಬರುವ ಹಾಗೆ ಜೋಡಿಸಿ, ಬಿಡಿ ಅಂಚನ್ನು ದಾರದಿಂದ ಹೊಲಿದಿದ್ದಾರೆ. ಒಂದೊಂದು ಹಾಳೆಯೂ ಒಂದು ಚೀಲದ ಹಾಗೆ. ಒಳಗೆ ಬೆರಳು ಹಾಕಿದರೆ ಖಾಲಿ ಬದಿ ಸಿಗುತ್ತದೆ. ಹುಳ ಕೊರೆದಿರುವುದೂ ಕಾಣುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

ನಡುವೆ ಒಂದು ಪುಟದಲ್ಲಿ ಅಕ್ಷರಗಳನ್ನು ಸೀಳಿಕೊಂಡು ಒಂದು ತೆಳ್ಳನೆ ಬಿಳಿ ಗೆರೆ ಹೋಗಿದೆ. ಕಾಗದ ಹರಿದಿದೆ ಅಂದುಕೊಳ್ಳುತ್ತೀರಿ. ಬೆರಳಾಡಿಸಿ ನೋಡಿ, ಹರಿದಿಲ್ಲ. ಸೀಳಿದ್ದು ಕಾಗದವಲ್ಲ, ಮರ. ಈ ಪುಟವನ್ನು ಕೆತ್ತಿದ ಹಲಗೆ ಒಣಗಿ ಬಿರುಕು ಬಿಟ್ಟಿತ್ತು. ಆದರೂ ಅದಕ್ಕೇ ಮಸಿ ಹಚ್ಚಿ ಅಚ್ಚು ಹಾಕಿದ್ದಾರೆ. ಅಂದರೆ ಆ ಹಲಗೆಗೆ ಅಷ್ಟು ವಯಸ್ಸಾಗಿತ್ತು, ಅಷ್ಟು ದುಡಿದಿತ್ತು, ಇನ್ನೂ ದುಡಿಯುತ್ತಿತ್ತು. ಇವತ್ತು ನಾನು ಹೇಳುವುದೆಲ್ಲ ಈ ಗೆರೆಯ ಸುತ್ತಲೇ ಸುತ್ತುತ್ತದೆ. ಎಡೊ ಕಾಲ, ಅಂದರೆ 1603ರಿಂದ 1868ರವರೆಗಿನ ಜಪಾನಿನಲ್ಲಿ ಒಂದು ಪುಸ್ತಕ ಯಾರದ್ದು ಅಂತ ಕೇಳಿದರೆ ಬರೆದವರ ಹೆಸರು ಹೇಳುತ್ತಿರಲಿಲ್ಲ. ಹಲಗೆ ಯಾರ ಮನೆಯಲ್ಲಿದೆಯೋ ಪುಸ್ತಕ ಅವರದ್ದು.

ಜಪಾನಿಗೆ ಅಚ್ಚುಮೊಳೆ, ಅಂದರೆ ಬಿಡಿ ಬಿಡಿ ಅಕ್ಷರ ಜೋಡಿಸಿ ಅಚ್ಚು ಹಾಕುವ ಪದ್ಧತಿ, ಗೊತ್ತಿರಲಿಲ್ಲವಾ ಅಂತ ಕೇಳಬಹುದು. ಚೆನ್ನಾಗಿಯೇ ಗೊತ್ತಿತ್ತು. 1590ರಲ್ಲಿ ಜೆಸ್ಯೂಟ್ ಪಾದ್ರಿಗಳು ಯುರೋಪಿನ ಮುದ್ರಣ ಯಂತ್ರವನ್ನು ಹಡಗಿನಲ್ಲಿ ತಂದಿಳಿಸಿದರು. 1592ರಲ್ಲಿ ಆಗಿನ ಜಪಾನಿನ ಆಳರಸ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಅಲ್ಲಿಂದ ಕೊಳ್ಳೆ ಹೊಡೆದು ತಂದದ್ದರಲ್ಲಿ ಅಚ್ಚುಮೊಳೆಗಳೂ ಇದ್ದವು. ಮುಂದೆ ಎಡೊದಿಂದ ದೇಶ ಆಳಿದ ಮನೆತನದ ಮೂಲಪುರುಷ ತೊಕುಗಾವಾ ಇಯೆಯಾಸು ಸ್ವತಃ ತಾಮ್ರದ ಮೊಳೆ ಎರಕ ಹೊಯ್ಯಿಸಿದ. ಸುಮಾರು ಐವತ್ತು ವರ್ಷ ಮೊಳೆಯಲ್ಲಿ ಸೊಗಸಾದ ಪುಸ್ತಕಗಳು ಬಂದವು. ಆಮೇಲೆ 1640ರ ದಶಕದ ಹೊತ್ತಿಗೆ ವ್ಯಾಪಾರಿಗಳು ಅದನ್ನು ಬಿಟ್ಟು ಮರದ ಹಲಗೆಗೇ ವಾಪಸ್ ಹೋದರು.

ಇದನ್ನು ಹಿಂದುಳಿದವರ ಹಟ ಅಂತ ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಇದು ಪಕ್ಕಾ ವ್ಯಾಪಾರಿ ಲೆಕ್ಕ. ಮೊಳೆ ಜೋಡಿಸಿ ನೂರು ಪ್ರತಿ ತೆಗೆದಿರಿ, ಆಮೇಲೆ ಮೊಳೆ ಬಿಚ್ಚಿ ಬೇರೆ ಪುಟಕ್ಕೆ ಬಳಸಿದಿರಿ. ಆರು ತಿಂಗಳಿಗೆ ಇನ್ನು ಐವತ್ತು ಪ್ರತಿ ಬೇಕು ಅಂತ ಯಾರೋ ಬಂದರು. ಮತ್ತೆ ಮೊದಲಿಂದ ಜೋಡಿಸಬೇಕು, ಅಲ್ವಾ? ಹಲಗೆ ಹಾಗಲ್ಲ. ಒಮ್ಮೆ ಕೆತ್ತಿ ಅಟ್ಟದ ಮೇಲಿಟ್ಟರೆ ಮುಗಿಯಿತು. ಇವತ್ತು ಇಪ್ಪತ್ತು ಪ್ರತಿ ಬೇಕಾ, ತೆಗೆಯಿರಿ. ಮೊಮ್ಮಗನ ಕಾಲಕ್ಕೆ ಮೂವತ್ತು ಬೇಕಾ, ಆಗಲೂ ತೆಗೆಯಿರಿ. ಇನ್ನೊಂದು ಕಾರಣ ಬರವಣಿಗೆಯದು. ಜಪಾನಿ ಕೈಬರಹದಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬಳ್ಳಿಯ ಹಾಗೆ ಇಳಿಯುತ್ತವೆ. ಕಷ್ಟದ ಚೀನೀ ಅಕ್ಷರದ ಪಕ್ಕ ಅದನ್ನು ಓದುವುದು ಹೇಗೆ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಜೊತೆಗೆ ಚಿತ್ರ ಬೇರೆ. ಬಿಡಿ ಮೊಳೆಯಲ್ಲಿ ಇದನ್ನೆಲ್ಲ ಹಿಡಿಸುವುದು ತಲೆನೋವು. ಹಲಗೆಗೆ ಅದೇನೂ ಲೆಕ್ಕಕ್ಕಿಲ್ಲ, ಬರೆದದ್ದನ್ನು ಬರೆದ ಹಾಗೇ ಕೆತ್ತುತ್ತದೆ.

ಕೆಲಸ ಹೀಗೆ. ಬರಹ ಚೆನ್ನಾಗಿರುವವರು ತೆಳ್ಳನೆ ಕಾಗದದ ಮೇಲೆ ಪುಟವನ್ನು ನೀಟಾಗಿ ಬರೆದು ಕೊಡುತ್ತಾರೆ. ಆ ಹಾಳೆಯನ್ನು ಕಾಡುಚೆರಿ ಮರದ ಹಲಗೆ ಮೇಲೆ ಮುಖ ಕೆಳಗೆ ಮಾಡಿ ಅಂಟಿಸುತ್ತಾರೆ. ಹಿಂಬದಿಯಿಂದ ಅಕ್ಷರ ತಿರುಗುಮುರುಗಾಗಿ ಕಾಣುತ್ತದಲ್ಲ, ಕೆತ್ತುವವನು ಆ ಗೆರೆಗಳನ್ನು ಉಳಿಸಿ ಸುತ್ತಲಿನ ಮರವನ್ನು ತೆಗೆದುಹಾಕುತ್ತಾನೆ. ಕೆತ್ತಿ ಮುಗಿಯುವಷ್ಟರಲ್ಲಿ ಬರೆದ ಹಾಳೆ ಚೂರುಚೂರಾಗಿ ಹೋಗಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಹಲಗೆಯ ಎರಡೂ ಬದಿ ಕೆತ್ತಿ ಸಾಮಾನ್ಯವಾಗಿ ನಾಲ್ಕು ಹಾಳೆ ಹಿಡಿಸುತ್ತಿದ್ದರು. ನೂರು ಹಾಳೆಯ ಪುಸ್ತಕಕ್ಕೆ ಇಪ್ಪತ್ತೈದು ಹಲಗೆ ಆಯಿತು. ದುಡ್ಡೆಲ್ಲ ಸುರಿಯುವುದು ಇಲ್ಲೇ. ಹಾಗಾಗಿ ಹಲಗೆ ಅಂದರೆ ಆಸ್ತಿ. ಅಡ ಇಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಬರೀ ಹಲಗೆಗಳನ್ನೇ ಮಾರುವ ಸಂತೆಗಳು ನಡೆಯುತ್ತಿದ್ದವು. 1788ರಲ್ಲಿ ಕ್ಯೋಟೊ ನಗರದ ಬಹುಭಾಗ ಬೆಂಕಿಗೆ ಬಿದ್ದಾಗ ಪುಸ್ತಕ ವ್ಯಾಪಾರಿಗಳು ಕಳೆದುಕೊಂಡದ್ದು ಬರೀ ಪುಸ್ತಕಗಳನ್ನಲ್ಲ, ಮುಂದೆ ಬರಬೇಕಾಗಿದ್ದ ಪುಸ್ತಕಗಳನ್ನೂ.

ಈ ಆಸ್ತಿಯನ್ನು ಕಾಯುವುದಕ್ಕೆ ಸಂಘಗಳು ಹುಟ್ಟಿದವು. ಪುಸ್ತಕದ ವ್ಯಾಪಾರ ಮೊದಲು ಕುದುರಿದ್ದು ಕ್ಯೋಟೊದಲ್ಲಿ. ಆಮೇಲೆ ಒಸಾಕಾ, ಆಮೇಲೆ ಎಡೊ, ಅಂದರೆ ಇವತ್ತಿನ ಟೋಕಿಯೊ. ಈ ಮೂರು ಪಟ್ಟಣಗಳ ಪುಸ್ತಕ ವರ್ತಕರ ಸಂಘಗಳಿಗೆ ಇದೇ ಕ್ರಮದಲ್ಲಿ 1716, 1723, 1721ರಲ್ಲಿ ಸರ್ಕಾರದ ಮನ್ನಣೆ ಸಿಕ್ಕಿತು. ಹೊಸ ಪುಸ್ತಕ ತರಬೇಕು ಅಂದರೆ ಹಸ್ತಪ್ರತಿಯನ್ನು ಮೊದಲು ಸಂಘದ ಸರದಿ ಮುಖಂಡರಿಗೆ ತೋರಿಸಬೇಕು. ಅವರು ನೋಡುವುದು ಎರಡು ವಿಷಯ. ಇನ್ನೊಬ್ಬರ ಹಲಗೆಯಲ್ಲಿರುವ ಪುಸ್ತಕದ ಪಡಿಯಚ್ಚಾ ಇದು? ಅಥವಾ ಪಡಿಯಚ್ಚಲ್ಲದಿದ್ದರೂ ಅದರ ವ್ಯಾಪಾರಕ್ಕೆ ಕಲ್ಲು ಹಾಕುವಷ್ಟು ಹೋಲಿಕೆ ಇದೆಯಾ? ಎರಡಕ್ಕೂ ಬೇರೆ ಬೇರೆ ಹೆಸರೇ ಇತ್ತು, ಜೂಹಾನ್ ಮತ್ತು ರುಯಿಹಾನ್. 1722ರಲ್ಲಿ ಎಡೊದಿಂದ ಇನ್ನೊಂದು ಆಜ್ಞೆ ಬಂತು. ಪುಸ್ತಕದ ಕೊನೆಯಲ್ಲಿ ಬರೆದವರ, ಪ್ರಕಟಿಸಿದವರ ನಿಜವಾದ ಹೆಸರು ಇರಲೇಬೇಕು. ತೊಕುಗಾವಾ ಮನೆತನದ ಬಗ್ಗೆ ಅಚ್ಚು ಹಾಕುವಂತಿಲ್ಲ. ಶೃಂಗಾರದ ಪುಸ್ತಕ ಕೂಡದು. ಈ ಕೊನೆಯದನ್ನು ಯಾರು ಎಷ್ಟು ಪಾಲಿಸಿದರು ಅನ್ನುವುದು ನಿಮಗೇ ಗೊತ್ತು, ಆ ಚಿತ್ರಗಳು ಇವತ್ತು ಮ್ಯೂಸಿಯಂಗಳಲ್ಲಿವೆ.

ಆ ಆಜ್ಞೆಯಿಂದಾಗಿ ಪುಸ್ತಕದ ಕೊನೆ ಪುಟ ನಮಗೆ ದೊಡ್ಡ ದಾಖಲೆ ಆಯಿತು. 1830ರ ಆಸುಪಾಸಿನ ಪುಸ್ತಕ ತಗೊಂಡು ಕೊನೆ ಪುಟ ತಿರುಗಿಸಿದರೆ ಸಾಲಾಗಿ ಅಂಗಡಿಗಳ ಹೆಸರು ಸಿಗುತ್ತವೆ. ಎಡೊದ ಸುಹರಾಯಾ ಮೊಹೇಯಿ, ಒಸಾಕಾದ ಕವಾಚಿಯಾ ಕಿಹೇಯಿ, ಕ್ಯೋಟೊದ ಇನ್ಯಾರೋ, ನಗೋಯಾದ ಎಯಿರಾಕುಯಾ ತೋಶಿರೊ, ಹೀಗೆ ಹತ್ತಾರು ಊರು. ಕೆಲವರು ದುಡ್ಡು ಹಾಕಿದ ಪಾಲುದಾರರು. ಉಳಿದವರು ಸುಮ್ನೆ ಮಾರಿಕೊಡುವವರು. ಪಾಲುದಾರಿಕೆ ಅಂದಮೇಲೆ ಅನುಮಾನ ಇದ್ದೇ ಇರುತ್ತದೆ. ನನಗೆ ಗೊತ್ತಾಗದ ಹಾಗೆ ಅವನು ನೂರು ಪ್ರತಿ ಅಚ್ಚು ಹಾಕಿಕೊಂಡರೆ? ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಹಲಗೆಗಳನ್ನು ಹಂಚಿಕೊಳ್ಳುತ್ತಿದ್ದರು. ಹತ್ತು, ಹನ್ನೊಂದನೇ ಹಲಗೆ ನಿಮ್ಮ ಮನೆಯಲ್ಲಿ, ಇಪ್ಪತ್ತನೇದು ನನ್ನ ಮನೆಯಲ್ಲಿ. ಇಬ್ಬರೂ ಒಪ್ಪಿ ಹಲಗೆ ತಂದರಷ್ಟೇ ಪುಸ್ತಕ ಪೂರ್ತಿ ಆಗುತ್ತದೆ. ಹೀಗೆ ಹಿಡಿದಿಟ್ಟುಕೊಂಡ ಹಲಗೆಗೆ ತೊಮೆಇತಾ ಅನ್ನುತ್ತಿದ್ದರು, ತಡೆಹಲಗೆ ಅನ್ನೋಣ. ಬ್ಯಾಂಕ್ ಲಾಕರಿಗೆ ಎರಡು ಬೀಗದಕೈ ಇರುತ್ತದಲ್ಲ, ಹಾಗೇ.

ಈಗ ಈ ಮೂರು ಪಟ್ಟಣದ ಹೊರಗೆ ಇರುವ ಒಬ್ಬ ಬರಹಗಾರನ ಪಾಡು ಯೋಚಿಸಿ. ದಕ್ಷಿಣದ ಫುಕುಓಕಾ ಸೀಮೆಯ ಮಿಯಾಝಾಕಿ ಯಾಸುಸಾದಾ ಬೇಸಾಯದ ಮೇಲೆ ಬರೆದ ದೊಡ್ಡ ಪುಸ್ತಕ 1697ರಲ್ಲಿ ಅಚ್ಚಾದದ್ದು ದೂರದ ಕ್ಯೋಟೊದಲ್ಲಿ. ಅವನದೇ ಸೀಮೆಯ ವಿದ್ವಾಂಸ ಕಾಯಿಬಾರಾ ಎಕಿಕೆನ್‌ನ ಹಸ್ತಪ್ರತಿಗಳೂ ಕ್ಯೋಟೊ ದಾರಿಯನ್ನೇ ಹಿಡಿದವು. ಊರಲ್ಲಿ ಮರ ಇಲ್ಲವಾ, ಉಳಿ ಇಲ್ಲವಾ? ಎಲ್ಲ ಇತ್ತು. ಇಲ್ಲದಿದ್ದದ್ದು ಸಂಘದ ಒಪ್ಪಿಗೆ, ಮಾರುವವರ ಜಾಲ, ಹಲಗೆಗೆ ಹಾಕುವ ಬಂಡವಾಳ.

ಇದರಲ್ಲಿ ಪೂರ್ತಿ ಬೆಂದವನು ಸುಝುಕಿ ಬೊಕುಶಿ. ಇವನ ಕತೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1770ರಲ್ಲಿ ಎಚಿಗೊ ಸೀಮೆಯ ಶಿಯೊಝಾವಾ ಅನ್ನುವ ಊರಲ್ಲಿ ಹುಟ್ಟಿದವನು. ಚಿಜಿಮಿ ಅನ್ನುವ ನಾರುಬಟ್ಟೆಯ ವ್ಯಾಪಾರ, ಜೊತೆಗೆ ಗಿರವಿ ಅಂಗಡಿ. ಹಿಮ ಅಂದರೆ ಏನು ಅಂತ ನೋಡಬೇಕಿದ್ದರೆ ಆ ಊರಿಗೇ ಹೋಗಬೇಕು. ಚಳಿಗಾಲದಲ್ಲಿ ಮನೆ ಮುಚ್ಚಿ ಹೋಗಿ, ಬೀದಿ ಸೂರಿಗಿಂತ ಎತ್ತರದಲ್ಲಿ ನಡೆಯುತ್ತದೆ. ಹತ್ತೊಂಬತ್ತನೇ ವಯಸ್ಸಿಗೆ ಬಟ್ಟೆ ಮಾರುವುದಕ್ಕೆ ಎಡೊಗೆ ಹೋದ. ಅಲ್ಲಿನವರಿಗೆ ಹಿಮ ಅಂದರೆ ಒಂದು ಚೆಂದದ ನೋಟ. ನೋಡಿ, ಮದ್ಯ ಕುಡಿದು, ಪದ್ಯ ಬರೆಯುವ ವಸ್ತು. ಅದು ಸೂರು ಮುರಿಯುತ್ತದೆ, ಜನರನ್ನು ಕೊಲ್ಲುತ್ತದೆ, ಅದರ ಮೇಲೇ ಬಟ್ಟೆ ಹಾಸಿ ಬಿಳುಪು ಮಾಡುತ್ತೇವೆ ಅಂತ ಹೇಳಿದರೆ ಅವರಿಗೆ ಅರ್ಥವೇ ಆಗದು. ಇದನ್ನು ಪುಸ್ತಕ ಮಾಡಬೇಕು ಅಂತ ಹಟ ಹಿಡಿಯಿತು.

ಊರಿನ ವ್ಯಾಪಾರಿಯ ಹೆಸರಲ್ಲಿ ಪುಸ್ತಕ ಯಾರು ಹಾಕುತ್ತಾರೆ? ಎಡೊದ ಹೆಸರಾಂತ ಲೇಖಕ ಸಾಂತೋ ಕ್ಯೋದೆನ್‌ಗೆ ಟಿಪ್ಪಣಿ, ಚಿತ್ರ ಎಲ್ಲ ಕಳಿಸಿದ. ಅದು ಮುಂದೆ ಹೋಗಲಿಲ್ಲ. ಗೊತ್ತಿಲ್ಲದವನ ಪುಸ್ತಕಕ್ಕೆ ಹಲಗೆ ಕೆತ್ತಿಸುವುದು ಅಂದರೆ ಬರೆದವನೇ ದುಡ್ಡು ಹಾಕಬೇಕು ಅನ್ನುವ ಮಾತು ಬರುತ್ತಿದ್ದ ಕಾಲ ಅದು. ಆಮೇಲೆ ಎಡೊದ ಇನ್ನೊಬ್ಬ ಹೆಸರಾಂತ ಕತೆಗಾರ ಬಾಕಿನ್‌ನ ಬಾಗಿಲಿಗೆ ಹೋದ. ಒಸಾಕಾದ ಚಿತ್ರಕಾರ ಓಕಾದಾ ಗ್ಯೋಕುಝಾನ್‌ನನ್ನು ಹಿಡಿದ, ಅವನು ತೀರಿಕೊಂಡ. ಸುಝುಕಿ ಫುಯೋ ಅನ್ನುವ ಇನ್ನೊಬ್ಬ ಚಿತ್ರಕಾರ ಒಪ್ಪಿದ, ಅವನೂ ತೀರಿಕೊಂಡ. ಮತ್ತೆ ಬಾಕಿನ್. ಬಾಕಿನ್ ಆಗ ತನ್ನ ಎಂಟು ನಾಯಿವೀರರ ಮಹಾಕತೆಯನ್ನು ವರ್ಷಗಟ್ಟಲೆ ಬರೆಯುತ್ತಿದ್ದ. ಆ ಕತೆ 1814ರಿಂದ 1842ರವರೆಗೆ ನಡೆಯಿತು. ಪುರುಸೊತ್ತೆಲ್ಲಿ? ಮಾಡುತ್ತೇನೆ, ಮಾಡುತ್ತೇನೆ ಅಂತ ವರ್ಷಗಳು ಹೋದವು. ಕೊನೆಗೆ ಕ್ಯೋದೆನ್‌ನ ತಮ್ಮ ಕ್ಯೋಝಾನ್ ನಾನು ಮಾಡಿಕೊಡುತ್ತೇನೆ ಅಂದ. ಆಗ ಬಾಕಿನ್ ಹಳೆ ಹಸ್ತಪ್ರತಿಯನ್ನು ವಾಪಸ್ ಕೊಡಲಿಲ್ಲ. ಬೊಕುಶಿ ಮುದಿ ವಯಸ್ಸಲ್ಲಿ ಕೂತು ಎಲ್ಲವನ್ನೂ ಮತ್ತೆ ಬರೆದ.

ಪುಸ್ತಕ ಎಡೊದಲ್ಲಿ ಹೊರಬಂದದ್ದು 1837ರಲ್ಲಿ. ಮೊದಲ ಪ್ರಯತ್ನದಿಂದ ಸುಮಾರು ನಲವತ್ತು ವರ್ಷ. ಹೆಸರು 'ಹೊಕುಎತ್ಸು ಸೆಪ್ಪು'. ಅದರಲ್ಲಿ ಹಿಮದ ಹರಳುಗಳ ಚಿತ್ರಗಳಿವೆ. ಕೊಗಾ ಸೀಮೆಯ ಒಡೆಯ ದೊಯಿ ತೊಶಿತ್ಸುರಾ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ ಚಿತ್ರಗಳಿಂದ ಆಯ್ದವು ಅವು. ಪುಸ್ತಕ ಚೆನ್ನಾಗಿ ಖರ್ಚಾಯಿತು, 1841ರಲ್ಲಿ ಎರಡನೇ ಕಂತೂ ಬಂತು. ಮರುವರ್ಷ ಬೊಕುಶಿ ತೀರಿಕೊಂಡ. ನನಗೆ ಇಲ್ಲಿ ತಮಾಷೆಯಾಗಿ ಕಾಣುವುದು ಒಂದಿದೆ. ಅಷ್ಟೂ ವರ್ಷ ಅವನ ಬಟ್ಟೆ ಯಾವ ಅಡ್ಡಿಯೂ ಇಲ್ಲದೆ ಎಡೊಗೆ ಹೋಗಿ ಮಾರಾಟವಾಗುತ್ತಿತ್ತು. ಬರಹ ಮಾತ್ರ ಹೋಗಲಿಲ್ಲ.

ಈಗ ನಗೋಯಾಕ್ಕೆ ಬರೋಣ. ಎಡೊ ಮತ್ತು ಕ್ಯೋಟೊ ನಡುವಿನ ಹೆದ್ದಾರಿಯ ಪಕ್ಕದ ಊರು, ಓವಾರಿ ಸೀಮೆಯ ಕೋಟೆಪಟ್ಟಣ. ಅಲ್ಲಿ ಪುಸ್ತಕದಂಗಡಿಗಳು ಹಿಂದಿನಿಂದಲೂ ಇದ್ದವು. 1687ರಲ್ಲಿ ಕವಿ ಬಾಶೊ ಅಲ್ಲಿನ ಫೂಗೆತ್ಸುದೋ ಅಂಗಡಿಗೆ ಹೋಗಿದ್ದ. ಫೂಗೆತ್ಸು ಅಂದರೆ ಗಾಳಿ ಮತ್ತು ಚಂದ್ರ. ಹೆಸರೇ ಎಷ್ಟು ಚೆನ್ನಾಗಿದೆ ಅಂತ ಅವನಿಗೆ ಖುಷಿಯಾಯಿತು. ಸ್ವಲ್ಪ ಹೊತ್ತು ಕೂತ, ಹೊರಗೆ ಹಿಮ ಬೀಳತೊಡಗಿತು. ಹೊರಡುವಾಗ ಒಂದು ಹಾಯ್ಕು ಬರೆದುಕೊಟ್ಟ. ಸರಿ ಬರ್ತೀನಿ, ಕಾಲು ಜಾರಿ ಬೀಳೋ ತನಕ ಹಿಮ ನೋಡ್ಕೊಂಡು ಹೋಗ್ತೀನಿ ಅನ್ನುವ ಧಾಟಿಯದು. ಬೊಕುಶಿಗೆ ಎಡೊದ ಜನರ ಮೇಲೆ ಯಾಕೆ ಸಿಟ್ಟಿತ್ತು ಅಂತ ಈಗ ಅರ್ಥ ಆಗುತ್ತಲ್ಲ?

ಆದರೆ ಅಂಗಡಿ ಇದ್ದ ಮಾತ್ರಕ್ಕೆ ಹಲಗೆ ಇರುವುದಿಲ್ಲ. ಬಹಳ ಕಾಲ ನಗೋಯಾದವರು ಮೂರು ಪಟ್ಟಣದ ಪುಸ್ತಕ ತರಿಸಿ ಮಾರುತ್ತಿದ್ದರು. ಏನಾದರೂ ಹೊಸದಾಗಿ ತರಬೇಕಿದ್ದರೆ ಕ್ಯೋಟೊದ ಕೈ ಹಿಡಿಯಬೇಕಿತ್ತು. ಇದು ಬದಲಾದದ್ದು ಹದಿನೆಂಟನೇ ಶತಮಾನದ ಕೊನೆಗೆ. ಆಗಲೇ ಹೇಳಿದೆನಲ್ಲ, ಎಯಿರಾಕುಯಾ ತೋಶಿರೊ, ಆ ಅಂಗಡಿ 1770ರ ದಶಕದಲ್ಲಿ ಶುರುವಾಯಿತು. 1790ರ ದಶಕದಲ್ಲಿ ನಗೋಯಾದ ವ್ಯಾಪಾರಿಗಳಿಗೆ ತಮ್ಮದೇ ಸಂಘ ಸಿಕ್ಕಿತು. ಮೂರು ಪಟ್ಟಣದವರಿಗೆ ಇದು ಕಣ್ಣು ಕಿಸುರಾಯಿತು. ನಮ್ಮ ಪುಸ್ತಕಗಳನ್ನೇ ಹೋಲುವ ಪುಸ್ತಕ ಕೆತ್ತಿಸುತ್ತಾರೆ ಅಂತ ತಗಾದೆ. ನಗೋಯಾದವರಿಗೆ ಬೆನ್ನಿಗಿದ್ದದ್ದು ಓವಾರಿ ಸೀಮೆಯ ಆಡಳಿತ. ಅದು ತೊಕುಗಾವಾ ವಂಶದ್ದೇ ಕವಲು, ಸುಲಭಕ್ಕೆ ಬಗ್ಗುವ ಜನ ಅಲ್ಲ.

ಎಯಿರಾಕುಯಾದ ಹೆಸರು ಮಾಡಿದ ಪುಸ್ತಕಗಳಲ್ಲಿ ಒಂದು 'ಕೊಜಿಕಿ-ದೆನ್'. ಪಕ್ಕದ ಇಸೆ ಸೀಮೆಯ ಮತ್ಸುಸಾಕಾದಲ್ಲಿ ಮೊತೂರಿ ನೊರಿನಾಗಾ ಅಂತ ಒಬ್ಬ ವೈದ್ಯ ಇದ್ದ. ಹಗಲು ಮದ್ದು, ರಾತ್ರಿ ವಿದ್ಯೆ. ಜಪಾನಿನ ಅತಿ ಹಳೆಯ ಗ್ರಂಥ ಕೊಜಿಕಿಗೆ ವ್ಯಾಖ್ಯಾನ ಬರೆಯತೊಡಗಿ ಮುಗಿಸಿದ್ದು 1798ರಲ್ಲಿ, ಸುಮಾರು ಮೂವತ್ತೈದು ವರ್ಷದ ಕೆಲಸ. 44 ಸಂಪುಟ. ಇಷ್ಟು ದೊಡ್ಡದಕ್ಕೆ ಹಲಗೆ ಕೆತ್ತಿಸಲು ಯಾರು ದುಡ್ಡು ಹಾಕುತ್ತಾರೆ? ಓವಾರಿ ಸೀಮೆಯ ಸಮುರಾಯ್ ಯೊಕೊಯಿ ಚಿಯಾಕಿ, ನೊರಿನಾಗಾನ ಶಿಷ್ಯ, ಅವನು ಕೈ ಜೋಡಿಸಿದ. ಮೊದಲ ಕಂತು 1790ರಲ್ಲಿ ಬಂತು.

ಅಚ್ಚಿಗೆ ಬೇಕಾದ ನೀಟು ಪ್ರತಿಯನ್ನು ಬರೆದುಕೊಟ್ಟವನು ನೊರಿನಾಗಾನ ಮಗ ಹರುನಿವಾ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಹಾಳೆ ಹಾಳೆಯಾಗಿ ಬರೆದ. ಈಗ ನೆನಪಿಟ್ಟುಕೊಳ್ಳಿ ಅಂದದ್ದನ್ನು ತೆಗೆಯಿರಿ. ಆ ಹಾಳೆಗಳು ಯಾವುವೂ ಉಳಿಯುವುದಿಲ್ಲ, ಕೆತ್ತುವವನ ಉಳಿಗೆ ಸಿಕ್ಕಿ ಪುಡಿಯಾಗುತ್ತವೆ. ಮೂವತ್ತರ ಆಸುಪಾಸಿನಲ್ಲಿ ಹರುನಿವಾನ ಕಣ್ಣು ಮಂಜಾಗತೊಡಗಿತು. ಕೆಲವೇ ವರ್ಷದಲ್ಲಿ ಪೂರ್ತಿ ಕುರುಡನಾದ. ಬರೆಯುವ ಕೆಲಸವನ್ನು ಬೇರೆಯವರು ವಹಿಸಿಕೊಂಡರು, ತಂಗಿ ಮಿನೋ ಕೂಡ ಬರೆದಳು. ನಾನು ಒಮ್ಮೆ ಆ ಪುಟಗಳ ಫೋಟೊ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಅಲ್ಲಿ ಕಾಣುವುದು ಮಗನ ಬರಹ, ಆದರೆ ಕೆತ್ತಿದ ಕೈ ಇನ್ನೊಬ್ಬರದು. ಕಣ್ಣು ಹೋದಮೇಲೂ ಹರುನಿವಾ ಸುಮ್ಮನೆ ಕೂರಲಿಲ್ಲ. ಜಪಾನಿ ಕ್ರಿಯಾಪದಗಳು ಹೇಗೆ ರೂಪ ಬದಲಿಸುತ್ತವೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, ಬೇರೆಯವರ ಕೈಲಿ ಬರೆಸಿ, ವ್ಯಾಕರಣದ ಒಂದು ಮುಖ್ಯ ಪುಸ್ತಕ ತಂದ. ಅದೇ ಒಂದು ಬೇರೆ ಉಪನ್ಯಾಸ.

ಆ ಕೆತ್ತಿದ ಕೈಯಲ್ಲಿ ಒಬ್ಬನ ಹೆಸರು ನಮಗೆ ಗೊತ್ತಿದೆ, ಉಎಮತ್ಸು ಅರಿನೊಬು. ನಗೋಯಾದಲ್ಲಿ ಹಲಗೆ ಕೆತ್ತುವ ಕಸುಬು. ಕೆತ್ತುತ್ತಾ ಕೆತ್ತುತ್ತಾ ಓದಿದ. ತಿರುಗುಮುರುಗು ಅಕ್ಷರಗಳನ್ನು, ಒಂದೊಂದು ಗೆರೆಯಾಗಿ. ಕೊನೆಗೆ ಹೋಗಿ ನೊರಿನಾಗಾನ ಶಿಷ್ಯನೇ ಆದ. ಪುಸ್ತಕವನ್ನು ಅವನಷ್ಟು ನಿಧಾನವಾಗಿ ಓದಿದವರು ಇನ್ಯಾರಿದ್ದಾರೆ? ಹಲಗೆ ಹತ್ತಿರದಲ್ಲಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಕೊಡುವ ಉದಾಹರಣೆ ಇದೇ. ಬರೆಯುವವನು, ದುಡ್ಡು ಹಾಕುವವನು, ಕೆತ್ತುವವನು ಎಲ್ಲ ಅಕ್ಕಪಕ್ಕದ ಊರಿನವರು, ಒಬ್ಬರಿಗೊಬ್ಬರು ಗೊತ್ತು. ಬೊಕುಶಿಗೆ ಈ ಭಾಗ್ಯ ಇರಲಿಲ್ಲ. ಆದರೂ ಬೇಗ ಏನೂ ಮುಗಿಯಲಿಲ್ಲ ಅನ್ನಿ. ನೊರಿನಾಗಾ 1801ರಲ್ಲಿ ಹೋದ, ಅರಿನೊಬು 1813ರಲ್ಲಿ. ಕೊನೆಯ ಸಂಪುಟ ಅಚ್ಚಾದದ್ದು 1822ರಲ್ಲಿ.

ಎಯಿರಾಕುಯಾದ ಇನ್ನೊಂದು ಪುಸ್ತಕ ನಿಮಗೆಲ್ಲ ಗೊತ್ತಿರುತ್ತದೆ, 'ಹೊಕುಸಾಯಿ ಮಾಂಗಾ'. ಎಡೊದ ಚಿತ್ರಕಾರ ಹೊಕುಸಾಯಿ 1812ರಲ್ಲಿ ನಗೋಯಾಕ್ಕೆ ಬಂದು ಶಿಷ್ಯ ಮಾಕಿ ಬೊಕುಸೆನ್ ಮನೆಯಲ್ಲಿ ಉಳಿದ. ಅಲ್ಲಿದ್ದಾಗ ಬರೆದ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿಂದ ಮೊದಲ ಸಂಪುಟ 1814ರಲ್ಲಿ ಬಂತು. ಸ್ನಾನ ಮಾಡುವವರು, ಬೆಕ್ಕು, ದೆವ್ವ, ಮೀನು, ಸೊಂಟ ಹಿಡಿದುಕೊಂಡ ಮುದುಕರು, ಏನಿಲ್ಲ ಅಂತ ಕೇಳಿ. ಮುಂದಿನ ಸಂಪುಟಗಳಿಗೆ ಎಡೊದ ಅಂಗಡಿಯೊಂದು ಜೊತೆಯಾಯಿತು. 1817ರಲ್ಲಿ ಹೊಕುಸಾಯಿ ಮತ್ತೆ ಬಂದಾಗ ದೇವಸ್ಥಾನದ ಅಂಗಳದಲ್ಲಿ 120 ಚಾಪೆಯಷ್ಟು ಅಗಲದ ಕಾಗದ ಹಾಸಿ, ಜನರ ಎದುರಿಗೇ ಬೋಧಿಧರ್ಮನ ಚಿತ್ರ ಬರೆದ. ಅವರು ದಾರುಮಾ ಅನ್ನುತ್ತಾರೆ, ನಮ್ಮ ಕಡೆಯಿಂದ ಹೋದ ಸನ್ಯಾಸಿಯೇ. ಇದಕ್ಕೆ ಮುಂಚೆ ಊರಲ್ಲಿ ಕರಪತ್ರ ಹಂಚಿದ್ದರು. ಇದು ಭಕ್ತಿಯಾ ಪುಸ್ತಕದ ಜಾಹೀರಾತಾ ಅಂತ ಕೇಳಿದರೆ, ಎರಡೂ ಇರಲಿ ಬಿಡಿ. 'ಮಾಂಗಾ'ದ ಹದಿನೈದನೇ ಸಂಪುಟ ಬಂದದ್ದು 1878ರಲ್ಲಿ. ಹೊಕುಸಾಯಿ ಸತ್ತು ಆಗಲೇ ಇಪ್ಪತ್ತೊಂಬತ್ತು ವರ್ಷ ಆಗಿತ್ತು.

ಹಲಗೆ ಕೈಲಿದ್ದೂ ಕಳೆದುಕೊಂಡವನ ಕತೆ ಉತ್ತರದಲ್ಲಿದೆ. ಸೆಂದಾಯಿ ಊರಿನ ಹಯಾಶಿ ಶಿಹೇಯಿ. ದೇಶ ಸುತ್ತಿದವನು, ನಾಗಸಾಕಿಗೆ ಹೋಗಿ ಡಚ್ಚರ ಮಾತು ಕೇಳಿದವನು. ರಷ್ಯಾದವರು ಹಡಗಲ್ಲಿ ಬರುತ್ತಾರೆ, ಕರಾವಳಿಗೆ ಕಾವಲು ಬೇಕು ಅಂತ ಪುಸ್ತಕ ಬರೆದ. ಎಡೊದ ನಿಹೊನ್‌ಬಾಶಿ ಸೇತುವೆಯ ಕೆಳಗಿನ ನೀರು ಚೀನಾ, ಹಾಲೆಂಡಿನವರೆಗೆ ಒಂದೇ ನೀರು, ನಡುವೆ ಗಡಿಯೇ ಇಲ್ಲ ಅನ್ನುವುದು ಅವನ ಹೆಸರಾಂತ ಮಾತು. ರಾಜಕೀಯದ ಇಂಥ ಪುಸ್ತಕಕ್ಕೆ ಯಾವ ವ್ಯಾಪಾರಿಯೂ ಮುಂದೆ ಬರಲಿಲ್ಲ. ತಾನೇ ದುಡ್ಡು ಹೊಂದಿಸಿ, ಸೆಂದಾಯಿಯಲ್ಲೇ ಹಲಗೆ ಕೆತ್ತಿಸಿ, 1791ಕ್ಕೆ ಹದಿನಾರು ಸಂಪುಟ ಮುಗಿಸಿದ. 1792ರಲ್ಲಿ ಸರ್ಕಾರ ಹಲಗೆಗಳನ್ನು ಮುಟ್ಟುಗೋಲು ಹಾಕಿ, ಅವನನ್ನು ಅಣ್ಣನ ಮನೆಯಲ್ಲಿ ಬಂಧನದಲ್ಲಿಟ್ಟಿತು. ಶಿಹೇಯಿಯ ಇನ್ನೊಂದು ಪುಸ್ತಕವನ್ನು ಎಡೊದಲ್ಲಿ ಪ್ರಕಟಿಸಿದ್ದ ಸುಹರಾಯಾ ಇಚಿಬೇಯಿಗೂ ಶಿಕ್ಷೆಯಾಯಿತು. ಕೆಲವೇ ತಿಂಗಳಿಗೆ ರಷ್ಯಾದ ದೂತ ಲಕ್ಸ್‌ಮನ್‌ನ ಹಡಗು ಉತ್ತರದ ನೆಮುರೊ ತೀರಕ್ಕೆ ಬಂದು ನಿಂತಿತು.

ಬಂಧನದಲ್ಲಿದ್ದಾಗ ಶಿಹೇಯಿ ಒಂದು ಪದ್ಯ ಬರೆದ. ಅಪ್ಪ ಅಮ್ಮ ಇಲ್ಲ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಲಗೆ ಇಲ್ಲ, ದುಡ್ಡಿಲ್ಲ, ಆದರೂ ಸಾಯುವ ಮನಸ್ಸೂ ಇಲ್ಲ. ಅವತ್ತಿಂದ ಆರು ಇಲ್ಲಗಳವನು ಅಂತ ತನಗೇ ಹೆಸರಿಟ್ಟುಕೊಂಡ. ಮಕ್ಕಳಿಲ್ಲ ಅಂದ ಮೇಲೆ, ದುಡ್ಡಿಲ್ಲ ಅನ್ನುವುದಕ್ಕೆ ಮುಂಚೆ, ಹಲಗೆ ಇಲ್ಲ ಅನ್ನುತ್ತಾನೆ. ಮರುವರ್ಷ ತೀರಿಕೊಂಡ. ಪುಸ್ತಕ ಕೈಬರಹದ ಪ್ರತಿಗಳಲ್ಲಿ ಗುಟ್ಟಾಗಿ ಓಡಾಡಿತು. ಮತ್ತೆ ಅಚ್ಚಾದದ್ದು 1850ರ ದಶಕದಲ್ಲಿ, ಅಮೆರಿಕದ ಹಡಗುಗಳು ಬಂದು ಹೋದ ಮೇಲೆ.

ಊರುಗಳಲ್ಲಿ ಅಚ್ಚು ಅಂದರೆ ಪುಸ್ತಕವೇ ಆಗಬೇಕಿಲ್ಲ. ನಾಗಸಾಕಿಯಲ್ಲಿ ಡಚ್ಚರ ಹಡಗು, ಆನೆ, ಒಂಟೆಯ ಚಿತ್ರ ಅಚ್ಚು ಹಾಕಿ ಪ್ರವಾಸಿಗರಿಗೆ ಮಾರುತ್ತಿದ್ದರು. ತೊಯಾಮಾದ ಮದ್ದು ಮಾರುವವರು ಮನೆಮನೆಗೆ ಹೋಗುವಾಗ ಮಕ್ಕಳಿಗೆ ಅಂತ ಬಣ್ಣದ ಚಿತ್ರ ಪುಕ್ಕಟೆ ಕೊಡುತ್ತಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉತ್ತರದ ಮೊರಿಯೋಕಾ ಕಡೆಯ ಪಂಚಾಂಗ, ಓದು ಬಾರದವರಿಗೆ ಅಂತ ಬರೀ ಚಿತ್ರದಲ್ಲಿ ಮಾಡಿದ್ದು. ಮಳೆಗಾಲ ಶುರುವಾಗುವ ದಿನಕ್ಕೆ ನ್ಯೂಬಾಯಿ ಅನ್ನುತ್ತಾರೆ. ಅಲ್ಲಿ ಚಿತ್ರ ಏನಿದೆ ಗೊತ್ತಾ? ಒಬ್ಬ ಕಳ್ಳ ಮೂಟೆ ಹೊತ್ತುಕೊಂಡು ಓಡುತ್ತಿದ್ದಾನೆ. ಮೂಟೆ ಅಂದರೆ ನಿ, ಕಸಿದುಕೊಳ್ಳುವುದು ಉಬಾಯಿ. ನಿ-ಉಬಾಯಿ, ನ್ಯೂಬಾಯಿ. ಕ್ಯೋಟೊದ ಯಾವ ಪ್ರಕಾಶಕನಿಗೆ ಇದು ಹೊಳೆಯುತ್ತಿತ್ತು ಹೇಳಿ.

ಇನ್ನು ಓದುವವರ ಕಡೆ. ಶಿನಾನೊ ಸೀಮೆಯ ಮತ್ಸುಮೊತೊದಲ್ಲಿ 1797ರಲ್ಲಿ ತಕಾಮಿಯಾ ಅನ್ನುವ ಪುಸ್ತಕದಂಗಡಿ ತೆರೆಯಿತು. ಬೆಟ್ಟಗಳ ನಡುವಿನ ಊರು ಅದು. ಎಡೊದ ನಗೆಬರಹಗಾರ ಇಕ್ಕು ಆ ಕಡೆ ಪ್ರಯಾಣ ಬಂದಾಗ ಈ ಅಂಗಡಿಯವರ ಪರಿಚಯ ಮಾಡಿಕೊಂಡ. ಇಂಥ ಊರುಗಳಲ್ಲಿ ಬರೀ ಪುಸ್ತಕ ಮಾರಿ ಹೊಟ್ಟೆ ತುಂಬುವುದಿಲ್ಲ. ಕಾಗದ, ಕುಂಚ, ಮದ್ದು, ಎಲ್ಲ ಇಡಬೇಕು. ಎಡೊದವರೂ ಇದಕ್ಕೆ ಹೊರತಲ್ಲ. ಬೊಕುಶಿಯನ್ನು ಕಾಯಿಸಿದ ಕ್ಯೋದೆನ್ ಹೊಗೆಸೊಪ್ಪಿನ ಚೀಲದ ಅಂಗಡಿ ಇಟ್ಟಿದ್ದ. ಜೊತೆಗೆ ಓದುಗುಳಿಗೆ ಅನ್ನುವ ಹೆಸರಿನ ಗುಳಿಗೆ ಮಾರುತ್ತಿದ್ದ, ಓದುವವರ ತಲೆ ಚುರುಕಾಗಲಿ ಅಂತ.

ಪುಸ್ತಕ ಕೊಳ್ಳುವುದು ಎಲ್ಲರ ಕೈಲಿ ಆಗುವ ಮಾತಲ್ಲ. ಜಾಸ್ತಿ ಜನ ಓದಿದ್ದು ಬಾಡಿಗೆಗೆ. 1808ರಲ್ಲಿ ಎಡೊ ಒಂದರಲ್ಲೇ 656 ಬಾಡಿಗೆ ಪುಸ್ತಕದವರಿದ್ದರು. ಎತ್ತರದ ಗಂಟು ಕಟ್ಟಿ ಬೆನ್ನಿಗೆ ಹೊತ್ತು ಮನೆ ಮನೆಗೆ ಹೋಗುತ್ತಿದ್ದರು. ನಗೋಯಾದಲ್ಲಿ 1767ರಲ್ಲಿ ಶುರುವಾದ ಓನೊಯಾ ಸೋಹಾಚಿ ಅಂಗಡಿಯನ್ನು ಜನ ಚಿಕ್ಕದಾಗಿ ದಾಯ್ಸೋ ಅನ್ನುತ್ತಿದ್ದರು. ಪುಸ್ತಕ ಬಾಡಿಗೆಗೆ ಕೊಡು, ಆದರೆ ಮಾರಬೇಡ ಅನ್ನುವುದು ಆ ಮನೆಯ ಕಟ್ಟಳೆ. ಹಾಗಾಗಿ ತಲೆಮಾರು ದಾಟಿದ ಹಾಗೆ ಪುಸ್ತಕ ಬೆಳೆಯುತ್ತಲೇ ಹೋಯಿತು, ಇಪ್ಪತ್ತು ಸಾವಿರ ದಾಟಿತು. ಅಲ್ಲಿ ಅಚ್ಚಾದವು ಮಾತ್ರವಲ್ಲ, ಕೈಬರಹದವೂ ಇದ್ದವು. ನಿಷೇಧದ ವಿಷಯ ಅಚ್ಚು ಹಾಕಿದರೆ ಶಿಕ್ಷೆ, ಕೈಯಲ್ಲಿ ಬರೆದುಕೊಂಡರೆ ಕೇಳುವವರು ಕಡಿಮೆ. ಮೂರು ಪಟ್ಟಣದ ಸಂಘ, ಸರ್ಕಾರದ ಆಜ್ಞೆ ಎಲ್ಲ ನಿಂತಿದ್ದದ್ದು ಹಲಗೆಯ ಮೇಲೆ. ಹಲಗೆಯೇ ಇಲ್ಲದ ಪುಸ್ತಕವನ್ನು ಹಿಡಿಯುವುದು ಹೇಗೆ? ಓವಾರಿಯ ಸಮುರಾಯ್ ಎಂಕೋಆನ್ ಊರಿನ ಜಾತ್ರೆ, ಪ್ರದರ್ಶನಗಳನ್ನೆಲ್ಲ ಚಿತ್ರ ಸಮೇತ ಕೈಯಲ್ಲೇ ಪುಸ್ತಕ ಮಾಡುತ್ತಿದ್ದ, ಅವು ದಾಯ್ಸೋ ಮೂಲಕ ಬಾಡಿಗೆಗೆ ಓಡಾಡುತ್ತಿದ್ದವು. ಹೊಕುಸಾಯಿ ಬರೆದ ಆ 120 ಚಾಪೆಯ ಚಿತ್ರ ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋಯಿತು. ಅವತ್ತು ಏನಾಯಿತು ಅಂತ ನಮಗೆ ಗೊತ್ತಿರುವುದು ಎಂಕೋಆನ್ ಕೂತು ಬರೆದಿಟ್ಟದ್ದರಿಂದ.

ಪ್ರಶ್ನೆಯ ಹೊತ್ತಿನಲ್ಲಿ ಒಬ್ಬರು ಕೇಳಿದರು, ಇಷ್ಟೊಂದು ಹಲಗೆಗಳು ಆಮೇಲೆ ಎಲ್ಲಿ ಹೋದವು ಅಂತ. ಒಳ್ಳೆ ಪ್ರಶ್ನೆ. 1870ರ ನಂತರ ಲೋಹದ ಮೊಳೆ ಮತ್ತೆ ಬಂತು, ಈ ಸಲ ಉಳಿಯುವುದಕ್ಕೇ ಬಂತು. ದಾಯ್ಸೋ 1899ರ ಹೊತ್ತಿಗೆ ಬಾಗಿಲು ಹಾಕಿತು. ಮಾರಬೇಡ ಅಂದಿದ್ದ ಪುಸ್ತಕಗಳು ಕೊನೆಗೆ ಮಾರಾಟವಾಗಿ ಟೋಕಿಯೊ, ಕ್ಯೋಟೊದ ಗ್ರಂಥಾಲಯಗಳಿಗೆ ಹೋದವು. ಹಲಗೆಗಳಿಗೆ ಅಂಥ ಗಿರಾಕಿ ಸಿಗಲಿಲ್ಲ. ಕೆಲವು ದೇವಸ್ಥಾನದ ಅಟ್ಟಗಳಲ್ಲಿ, ಕೆಲವು ವಿಶ್ವವಿದ್ಯಾಲಯಗಳಲ್ಲಿ ಉಳಿದಿವೆ. ಎಷ್ಟೋ ಒಲೆಗೆ ಹೋದವು. ಇನ್ನು ಕೆಲವನ್ನು ಕತ್ತರಿಸಿ ಹಿಬಾಚಿ ಮಾಡಿದರು, ಅಂದರೆ ಚಳಿಗೆ ಕೈ ಕಾಯಿಸುವ ಕೆಂಡದ ಪೆಟ್ಟಿಗೆ. ಹಳೆ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಪೆಟ್ಟಿಗೆಯ ನಾಲ್ಕೂ ಮೈಮೇಲೆ ತಿರುಗುಮುರುಗು ಅಕ್ಷರ ಇರುತ್ತದೆ. ಕನ್ನಡಿ ಹಿಡಿದರೆ ಓದಬಹುದು.

ಆ ಪುಸ್ತಕ ಈಗ ಯಾವ ಸಾಲಿನಲ್ಲಿದೆ? ಹಾಗೇ ಮುಂದಕ್ಕೆ ಕಳಿಸಿಬಿಡಿ.